ಏನೂ ಬೆಳೆಯದ ತಟ್ಟೆ

ಅಮ್ಮಾ,

ಬಿರಿದ ಕೈಗೆ ನೀನು ಹಚ್ಚುತ್ತಿದ್ದ ಮುಲಾಮಿನ ಹೆಸರೇನು? ಗಾಬರಿಯಾಗಬೇಡ, ನನಗಲ್ಲ.

ಮೊದಲ ವರ್ಷದ ಮಕ್ಕಳಿಗೆ ಸೂಕ್ಷ್ಮಜೀವಿಗಳ ಮೊದಲ ಪಾಠ ಮಾಡಿದೆ. ಕೈ ಚೆನ್ನಾಗಿ ತೊಳೆದು ಬನ್ನಿ ಎಂದು, ಜೆಲ್ಲಿ ಹರಡಿದ ಗಾಜಿನ ತಟ್ಟೆಗಳ ಮೇಲೆ ಬೆರಳೊತ್ತಿಸಿ, ಎರಡು ದಿನ ಬೆಚ್ಚಗಿಟ್ಟೆ. ಇವತ್ತು ನೋಡಿದರೆ, ತೊಳೆದ ಬೆರಳುಗಳ ಗುರುತಿನಲ್ಲೇ ಸೂಕ್ಷ್ಮಜೀವಿಗಳು ಬೆಳೆದು ಹಳದಿ, ಬಿಳಿ, ಕಿತ್ತಳೆ ಚುಕ್ಕೆಗಳು!

"ಅಯ್ಯಯ್ಯೋ, ಇದೆಲ್ಲಾ ನಂದಾ?" ಎಂದು ಒಂದೇ ಗದ್ದಲ.

"ಹೆದರಬೇಡಿ, ಇವರಲ್ಲಿ ಹೆಚ್ಚಿನವರು ಬಾಡಿಗೆಗೆ ಬದಲು ಚರ್ಮ ಕಾಯೋ ಒಕ್ಕಲು" ಎಂದೆ.

ಒಬ್ಬ ಹುಡುಗಿಯ ತಟ್ಟೆ ಮಾತ್ರ ಖಾಲಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಷ್ಟು ವರ್ಷದಲ್ಲಿ ನಾನು ಅಂಥದ್ದನ್ನು ಕಂಡಿರಲಿಲ್ಲ. ಕುತೂಹಲ ತಡೆಯದೆ ಅವಳ ಕೈ ಹಿಡಿದು ನೋಡಿದೆ. ಗೆಣ್ಣುಗಳೆಲ್ಲ ಬಿರಿದಿದ್ದವು. ನೆಲ ಒರೆಸುವ ಔಷಧದಲ್ಲಿ ತೊಳೆಯುತ್ತಾಳಂತೆ.

"ಯಾಕಮ್ಮಾ?"

"ಪುಟ್ಟ ತಂಗಿ ಜ್ವರ ಬಂದು ಹೋಗ್ಬಿಟ್ಲು, ಮೇಡಂ. ಅವಳನ್ನ ಯಾವಾಗ್ಲೂ ನಾನೇ ಎತ್ಕೊಳ್ತಿದ್ದೆ."



ತಮ್ಮ ಹೋದ ಮೇಲೆ ನೀನೂ ಹೀಗೇ ಕೈ ಉಜ್ಜುತ್ತಿದ್ದೆ. ನನ್ನನ್ನು ಮುಟ್ಟಲೂ ಹೆದರುತ್ತಿದ್ದೆ. ಆಮೇಲೆ ಒಂದು ಬೆಳಿಗ್ಗೆ ಏನೂ ಆಗದವಳಂತೆ ಬಂದು ನನ್ನ ತಲೆ ಬಾಚಿ, ಎರಡು ಜಡೆ ಹಾಕಿದೆ. ಹೆದರಿಕೆ ಹೇಗೆ ಹೋಯಿತೆಂದು ಕೇಳಿದರೆ ಎಲ್ಲಿ ಎದ್ದು ಹೋಗುತ್ತೀಯೋ ಎಂದು ನಾನು ಉಸಿರು ಬಿಗಿಹಿಡಿದು ಕೂತಿದ್ದೆ.

ಆ ಹುಡುಗಿ ಮುಂದಿನ ವಾರ ಮತ್ತೆ ಕ್ಲಾಸಿಗೆ ಬರುತ್ತಾಳೆ. ಮುಲಾಮಿನ ಹೆಸರು ಆಮೇಲೆ ತಿಳಿಸಿದರೂ ನಡೆಯುತ್ತದೆ. ಆ ಬೆಳಿಗ್ಗೆ ಏನಾಯಿತಮ್ಮಾ? ಮೊದಲು ಅದನ್ನು ಬರೆ.

ನಿನ್ನ,
ಎರಡು ಜಡೆಯವಳು