ಕಾಕಾ, ಮುಳ್ಳು ಕೆಂಪಿಗೆ ಹೋದರೆ?

ಕೇಳಿರಿ, ಕೇಳಿರಿ ಮಹಾಜನರೇ! ಆಳಂದದ ಪೇಟೆಯವರೇ, ಅಫಜಲಪುರದ ಹೊಳೆದಂಡೆಯವರೇ, ಜೇವರ್ಗಿಯ ತಾಯಂದಿರೇ, ರೇಡಿಯೋದ ಹತ್ತಿರ ಸರಿದು ಕುಳಿತುಕೊಳ್ಳಿರಿ!

ನಗಬೇಡಿ, ಶಾಂತಪ್ಪ ಕಾಕಾ. ಈ ಖಾಲಿ ಸ್ಟುಡಿಯೋದಲ್ಲಿ ನಾನೊಬ್ಬನೇ ಇದ್ದೇನೆ. ಹೆದರಿಕೆಯಾದಾಗ ಸಭೆಯನ್ನು ಕರೆಯದೆ ನನಗೆ ಮಾತೇ ಹೊರಡುವುದಿಲ್ಲ. ನಾಟಕ ಕಂಪನಿಯಲ್ಲಿ ಬೆಳೆದವನ ಹಣೆಬರಹ. ಇಲ್ಲಿನ ಟ್ರಾನ್ಸ್‌ಮಿಟರನ್ನು ಹೆತ್ತ ಮಗನಂತೆ ಕಾಯ್ದವರು ನೀವು. ನಿಮಗಲ್ಲದೆ ಇನ್ಯಾರಿಗೆ ಬರೆಯಲಿ?

ನಾನು ಮೊದಲ ಸಲ ಮೈಕಿನ ಮುಂದೆ ನಿಂತ ದಿನ ನೆನಪಿದೆಯೇ? ರಾಜನ ಪ್ರವೇಶವೆಂದು ಎದೆಯುಬ್ಬಿಸಿ ಗರ್ಜಿಸಿದೆ. ಗಾಜಿನಾಚೆ ಮೀಟರಿನ ಮುಳ್ಳು ಕೆಂಪಿಗೆ ಹಾರಿತು, ಟ್ರಾನ್ಸ್‌ಮಿಟರು ಠಪ್ಪನೆ ನಿಂತಿತು. ಮೂರೂ ತಾಲ್ಲೂಕು ಮೂಕ! "ಲೇ ಮಲ್ಲ್ಯಾ, ಯಾರನ್ನ ಕರ್ಯಾಕತ್ತೀಯೋ? ಇಲ್ಲಿ ಕೊನೀ ಸಾಲು ಇಲ್ಲ. ಎಲ್ಲಾರೂ ಮೊದಲ್ನೇ ಸಾಲಿನ್ಯಾಗ ಕುಂತಾರ!" ಎಂದು ಬೈದಿರಿ.

ಆಮೇಲೆ ಚಹಾ ಕುಡಿಯುತ್ತ ತಿಳಿಹೇಳಿದಿರಿ: "ನೀ ಸುಮ್ನಿದ್ರೂ ಮಷೀನು ಒಂದು ಭಾರ ಹೊತ್ತು ನಿಂತಿರ್ತದ. ನಿನ್ನ ದನಿ ಪೂರಾ ತುದಿಗೇರಿತಂದ್ರ ಆ ಗಳಿಗಿಗೆ ನಾಕು ಪಟ್ಟು ಹೊರಬೇಕು. ಅದಕ್ಕೂ ಮ್ಯಾಲ ಒದರಿದ್ರ ದನಿ ಒಡೀತದ, ಮಷೀನು ಜೀವ ಉಳಿಸ್ಕೊಳ್ಳಾಕ ಬಂದ್ ಬೀಳ್ತದ."

"ಹಂಗಾದ್ರ ಪಿಸುಗುಟ್ಲೇನ್ರಿ?"

"ಕರಕರ ಸಪ್ಪಳದಾಗ ಮುಳುಗ್ತಿ. ದನಿ ಏರೂದು ಬಂತಂದ್ರ ಕತ್ತು ಹೊಳ್ಳಿಸು, ಮೈಕಿಗೆ ಕೆನ್ನಿ ಕೊಡು."

ಮೊನ್ನೆ ಸಿಡಿಲು ಬಡಿದು, ಆಮೇಲೆ ನೀವು ಕೂಡಿಸಿದ್ದ, ಏರಿದ ದನಿಯನ್ನು ತಡೆಯುವ ಪೆಟ್ಟಿಗೆ ಸುಟ್ಟುಹೋಗಿದೆ, ಕಾಕಾ. ಅದೇ ಹೊತ್ತಿಗೆ ಭೀಮೆಗೆ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ. ಹೊಳೆದಂಡೆಯಲ್ಲಿ ಕರೆಂಟಿಲ್ಲ, ಫೋನಿಲ್ಲ. ಉಳಿದದ್ದು ಸೆಲ್ಲಿನ ರೇಡಿಯೋ ಮಾತ್ರ. ನಾಳೆ ಯಾವ ಊರು ಜಾಗ ಬಿಡಬೇಕು, ಯಾವ ದಾರಿ ಹಿಡಿದು ಎತ್ತರದ ಯಾವ ಶಾಲೆ ಸೇರಬೇಕು ಎಂದು ನೇರವಾಗಿ ಹೇಳಬೇಕಾದವನು ನಾನು. ದಿನಾ ಕಥೆ ಹೇಳುವ ದನಿಯನ್ನೇ ಜನ ನಂಬುತ್ತಾರಂತೆ.

ನಿಮ್ಮ ಕುರ್ಚಿಯಲ್ಲಿ ಈಗ ಕೂರುವ ಇಂಜಿನಿಯರು ಸುನಂದಾಬಾಯಿ ಸಂಜೆ ಬಂದರು. "ಮಲ್ಲಣ್ಣಾರ, ನಾಟಕದ ಗಂಟಲು ಮನ್ಯಾಗ ಇಟ್ಟು ಬರ್ರಿ. ಒಮ್ಮಿ ಬಂದ್ ಬಿತ್ತಂದ್ರ ಮಷೀನು ಏಳಾಕ ಹೊತ್ತು ಹಿಡೀತದ. ಅಲ್ಲೀತನ ಹೊಳಿ ನಿಲ್ತದೇನ್ರಿ?" ಎಂದರು.

ಜಾಗ ಬಿಡಬೇಕಾದ ಊರುಗಳಲ್ಲಿ ಜೇವರ್ಗಿ ಕಡೆಯ ನನ್ನ ತಂಗಿಯ ಊರೂ ಇದೆ. ಫೋನು ಸತ್ತಾಗಿನಿಂದ ಅವಳ ಸುದ್ದಿಯಿಲ್ಲ. ಆ ಹೆಸರು ಬಾಯಿಗೆ ಬಂದಾಗ ನನ್ನ ಎದೆ ಸುಮ್ಮನಿದ್ದೀತೇ? ನಾಟಕದವನ ಗಂಟಲು ಹೆದರಿದಷ್ಟೂ ಏರುತ್ತದೆ. ಈಗಷ್ಟೇ, ಪ್ರಸಾರ ಮುಗಿದ ಮೇಲೆ, ಇಲ್ಲಿ ಹೇಳಿ ನೋಡಿದೆ. ಬೇರೆಲ್ಲ ಊರಿಗೆ ಮುಳ್ಳು ನಡುವೆಯೇ ನಿಂತಿತು. ಅವಳ ಊರಿಗೆ ಮಾತ್ರ... ಅವಳನ್ನು ಕೂಗಿಯೇ ಅವಳ ರೇಡಿಯೋ ನಿಲ್ಲಿಸಿಬಿಟ್ಟರೆ, ಕಾಕಾ?

ನಾಳೆ ಮುಂಜಾನೆ ನಾನು ಯಾವ ಸಭೆಯನ್ನೂ ಕರೆಯುವುದಿಲ್ಲ. ಅವಳ ಊರು ಬರುವ ಮೊದಲೇ ಕತ್ತು ಹೊರಳಿಸಿ ಮೈಕಿಗೆ ಕೆನ್ನೆ ಕೊಡುತ್ತೇನೆ. ಅವಳ ಒಲೆಯ ಮುಂದೆ ಕುಳಿತು ಇನ್ನೊಂದು ರೊಟ್ಟಿ ಕೇಳುವ ದನಿಯಲ್ಲಿ ಹೇಳುತ್ತೇನೆ: "ತಂಗೆವ್ವಾ, ಮಕ್ಕಳನ್ನ ಕರಕೊಂಡು ಮ್ಯಾಲಿನ ಸಾಲಿಗಿ ನಡಿ."