ಗಂಡನಿಗೊಂದು ಕುರ್ಚಿ

೧೪ ಮಾರ್ಚ್, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಬೈದುಕೋ, ತಪ್ಪು ನನ್ನದೇ. ಇದನ್ನು ಮನೆಗೆ ಹಾಕದೆ ನೀನು ಪಾಠ ಮಾಡುವ ಶಾಲೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಯಾಕೆಂದು ಕೊನೆಗೆ ಹೇಳುತ್ತೇನೆ.

ಅಮ್ಮನ ಮಂಡಿನೋವು ಹಾಗೇ ಇದೆ. ನಾನಂತೂ ಸೋತುಹೋಗಿದ್ದೇನೆ. ಗಂಡನಿಂದ ಪೆಟ್ಟು ತಿಂದ ಹೆಂಗಸು ಆಸ್ಪತ್ರೆಗೆ ಬಂದರೆ ಮಾತಾಡಿಸಲು ನಮ್ಮ ನರ್ಸಿಂಗ್ ಕಾಲೇಜಿನ ಹುಡುಗಿಯರು ಎಷ್ಟು ತಯಾರಿದ್ದಾರೆಂದು ಅಳೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ. ಮೊದಲು ಪ್ರಶ್ನೆಪಟ್ಟಿ ಕೊಟ್ಟೆ. 'ಅವಳೊಬ್ಬಳೇ ಇರುವಾಗ ವಿಚಾರಿಸುತ್ತೇನೆ' ಎಂಬ ಸಾಲಿಗೆ ನಲವತ್ತೊಂದು ಮಂದಿಯಲ್ಲಿ ನಲವತ್ತು ಮಂದಿ 'ಖಂಡಿತ' ಎಂದು ಗುರುತು ಹಾಕಿದರು. ಹಿಗ್ಗಿದೆ.

ಆಮೇಲೆ ಎರಡು ದಿನ ನಟನೆ. ನಾನು ಕೈಗೆ ಪಟ್ಟಿ ಕಟ್ಟಿಕೊಂಡು ಹೆಂಡತಿಯಾದೆ. ಇರುವೆಗೂ ದಾರಿ ಬಿಟ್ಟು ನಡೆಯುವ ನಮ್ಮ ಲ್ಯಾಬಿನ ಸಹಾಯಕರು ಗಂಡನಾದರು. ಹುಡುಗಿಯರು ಒಬ್ಬೊಬ್ಬರಾಗಿ ಬಂದರು. "ಅಯ್ಯೋ, ನಿಂತೇ ಇದೀರಲ್ಲ ಸಾರ್, ಕೂತ್ಕೊಳ್ಳಿ" ಎಂದು ಅವರಿಗೆ ಕುರ್ಚಿ ಎಳೆದು ಕೊಟ್ಟು, ಅವರೆದುರೇ ನನ್ನನ್ನು ಕೇಳಿದರು: "ಮನೇಲಿ ಏನಾದ್ರೂ ತೊಂದ್ರೆ ಇದೆಯೇನಮ್ಮಾ?" ನಲವತ್ತು ಸಲವೂ ಹೀಗೇ. ಸಹಾಯಕರು, "ಮೇಡಂ, ನಮ್ಮನೇಲೂ ನಂಗೆ ಇಷ್ಟು ಮರ್ಯಾದೆ ಇಲ್ಲ" ಎಂದರು. ನನಗೆ ನಗು ಬರಲಿಲ್ಲ.

ಕೊನೆಗೆ ಬಂದವಳು, 'ಗೊತ್ತಿಲ್ಲ' ಎಂದು ಗುರುತು ಹಾಕಿದ್ದ ಆ ಒಬ್ಬಳು. ಸಹಾಯಕರ ಕೈಗೊಂದು ಚೀಟಿ ತುರುಕಿ, "ಅಣ್ಣಾ, ಕೌಂಟರಲ್ಲಿ ಸೀಲ್ ಹಾಕಿಸ್ಕೊಂಡು ಬಂದ್ಬಿಡಿ, ಕ್ಯೂ ಸ್ವಲ್ಪ ಉದ್ದ ಇದೆ" ಎಂದಳು. ಬಾಗಿಲು ಮುಚ್ಚಿ ನನ್ನ ಪಕ್ಕ ಕೂತಳು. "ಈಗ ಹೇಳಿ ಅಕ್ಕಾ. ಅವಸರ ಇಲ್ಲ."

ನನ್ನ ನಟನೆಯ ಮಾತೆಲ್ಲ ಮರೆತುಹೋಯಿತು. ಇದನ್ನು ಯಾರು ಹೇಳಿಕೊಟ್ಟರೆಂದು ಆಮೇಲೆ ಕೇಳಿದೆ. "ಯಾರೂ ಇಲ್ಲ ಮೇಡಂ. ನಮ್ಮ ಸೋದರತ್ತೆ ಆಸ್ಪತ್ರೆಗೆ ಹೋದಾಗೆಲ್ಲ ಮಾವ ಪಕ್ಕದಲ್ಲೇ ಕೂತಿರ್ತಿದ್ರು" ಎಂದಳು. ಅವಳಿಗೆ ಎಷ್ಟು ಅಂಕ ಕೊಡಬೇಕೋ, ಕೊಡಲು ನಾನು ಯಾರೋ, ತಿಳಿಯುತ್ತಿಲ್ಲ.

ನಿನಗೂ ಮಕ್ಕಳಿಗೂ ಒಳ್ಳೆಯದಾಗಲಿ.

ನಿನ್ನ
ಅಕ್ಕ

ಕೊನೆಗೆ ಉಳಿಸಿಕೊಂಡ ಮಾತು: ಆರು ವರ್ಷದ ಹಿಂದೆ ಮುರಿದ ಮಣಿಕಟ್ಟು ಹಿಡಿದುಕೊಂಡು ನೀನು ಆಗ ನಾನು ನರ್ಸ್ ಆಗಿದ್ದ ವಾರ್ಡಿಗೆ ಬಂದಿದ್ದೆ. "ಬಚ್ಚಲಲ್ಲಿ ಜಾರಿದ್ಲು" ಎಂದದ್ದು ನಿನ್ನ ಗಂಡ. ನಾನು ಹಾಗೇ ಬರೆದುಕೊಂಡೆ. ಅವರಿಗೆ ಕುರ್ಚಿ ಎಳೆದು ಕೊಟ್ಟವಳೂ ನಾನೇ. ಇದನ್ನು ಓದಿ ಅಲ್ಲೇ ಹರಿದುಬಿಡು. ಶನಿವಾರ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಒಬ್ಬಳೇ ನಿಂತಿರುತ್ತೇನೆ. ಹೇಳಬೇಕೆನಿಸದಿದ್ದರೆ ಸುಮ್ಮನೆ ಜೊತೆಗೆ ನಡೆಯೋಣ.