ಡಾಕ್ಟರ್ ಬಾಯಿಯ ಒಂದು ‘ಮೇ’

ನನಗೆ ಇಂಗ್ಲಿಷಿನಲ್ಲಿ ಬಾಯಿ ಬಿಡಿಸಿದ ಮಾಸ್ತರರಿಗೆ, ಹುಬ್ಬಳ್ಳಿಯ ಹತ್ತಿ ದಲಾಲ ಚನ್ನಬಸಪ್ಪನ ಶರಣಾರ್ಥಿ.

ನೀವು ತೀರಿಹೋಗಿ ಎರಡು ಸುಗ್ಗಿ ಕಳೆದವು. ಈಗ ಧಾರವಾಡದ ದವಾಖಾನೆಯ ಪಡಸಾಲೆಯಲ್ಲಿ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ನಮ್ಮ ಮನೆಯಾಕೆ ಗಂಗವ್ವನನ್ನು ಈಗಷ್ಟೇ ಒಳಗೆ ಕರೆದುಕೊಂಡು ಹೋದರು. ಹೊಟ್ಟೆಯಲ್ಲಿ ಗಡ್ಡೆ ಇದೆ, ಕೊಯ್ದು ತೆಗೆಯುತ್ತಾರೆ. ಸುಮ್ಮನೆ ಕುಳಿತರೆ ಮೈಯೆಲ್ಲ ನಡುಗುತ್ತದೆ, ಬರೆದರೆ ಅಕ್ಷರವಷ್ಟೇ ನಡುಗುತ್ತದೆ. ಈ ಹೆದರಿಕೆಯನ್ನು ಬೇರೆ ಯಾರ ಮುಂದೆ ಹೇಳಲಿ? ಪೇಟೆಯವರಿಗೆ ನಾನು ಹೆದರಿದ್ದೇನೆಂದು ಗೊತ್ತಾದರೆ ನಾಳೆಯೇ ನನ್ನ ಮಾಲಿನ ಧಾರಣೆ ಇಳಿಸುತ್ತಾರೆ. ನಿಮಗೆ ಹೇಳಿದರೆ ಆ ಭಯವಿಲ್ಲ.

ನೀವು ಮೊದಲ ಸಲ ನಮ್ಮ ಅಂಗಡಿಯ ಗಾದಿಯ ಮೇಲೆ ಕುಳಿತ ದಿನ ನೆನಪಾಗುತ್ತಿದೆ. ಹತ್ತಿ ಕೊಳ್ಳಲು ಬಂದ ಸಾಹೇಬನ ಮುಂದೆ ನಾನು ಕೈಮುಗಿದು, ‘ಯು ಮಸ್ಟ್ ಟೇಕ್ ದಿ ಮಾಲ್ ಟುಡೇ’ ಎಂದಿದ್ದೆ. ಅವನು ಟೊಪ್ಪಿಗೆ ಎತ್ತಿಕೊಂಡು ಎದ್ದು ಹೋಗಿದ್ದ. ಅದನ್ನು ಕೇಳಿ ನಿಮಗೆ ಕೆಮ್ಮು ಬರುವಷ್ಟು ನಗೆ.

“ಸಾವಕಾರ್ರ, ಮಸ್ಟ್ ಅಂದ್ರ ಕೊರಳಪಟ್ಟಿ ಹಿಡಿದಂಗ. ನೀವು ಕೈ ಮುಗದ ಕೊರಳಪಟ್ಟಿ ಹಿಡದೀರಿ. ಕುಡ್ ಯು ಟೇಕ್ ಅಂತ ಕೇಳಬೇಕಿತ್ತು.”

“ಎರಡರಾಗೂ ತಗೋ ಅನ್ನೂದ ಐತಲ್ಲರಿ?”

“ಅದ. ಆದ್ರ ಎಷ್ಟು ಒತ್ತಿ ಹೇಳಾಕತ್ತೀರಿ ಅನ್ನೂದು ಅದರ ಮುಂದ ನಿಂತ ಸಣ್ಣ ಮಾತಿನಾಗ ಅದ.”

ಆ ಸಣ್ಣ ಮಾತುಗಳ ಮೇಲೆ ನಾನು ನಿಮ್ಮೊಡನೆ ಎಷ್ಟು ಜಗಳ ತೆಗೆದೆ. ನಮಗೆ ಒಂದು ‘ಬಹುದು’ ಸಾಕಾಗುವಲ್ಲಿ ಇವರು ಕ್ಯಾನ್, ಮೇ, ಮೈಟ್ ಎಂದು ಬೇರೆ ಬೇರೆ ಯಾಕೆ ಇಟ್ಟುಕೊಂಡಿದ್ದಾರೆ, ಕೆಲಸವಿಲ್ಲದವರೇ ಎಂದು ಕೇಳಿದ್ದೆ. ದಲಾಲರು ವಸ್ತ್ರದ ಮರೆಯಲ್ಲಿ ಒಬ್ಬರ ಬೆರಳು ಒಬ್ಬರು ಹಿಡಿದು ದರ ತಿಳಿಸುವುದನ್ನು ನೀವು ಪೇಟೆಯಲ್ಲಿ ನೋಡಿದ್ದಿರಿ. ನಿಮ್ಮ ಉಪರಣೆಯನ್ನು ನನ್ನ ಕೈಮೇಲೆ ಹೊದಿಸಿದಿರಿ. ಅದರ ಕೆಳಗೆ, ಮಸ್ಟ್ ಎಂದು ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದಿರಿ. ಕ್ಯಾನ್ ಎಂದು ಅಂಗೈ ಒತ್ತಿದಿರಿ: ಮಾಡುವ ತಾಕತ್ತು ಇದೆ. ಮೇ ಎಂದಾಗ ಒಂದೇ ಬೆರಳಿನ ತುದಿ ತಾಗಿತು, ನೊಣ ಕುಳಿತಂತೆ. “ಆದ್ರ ಆತು, ಇಲ್ಲಾಂದ್ರ ಇಲ್ಲ,” ಎಂದಿರಿ. ಅಂದಿನಿಂದ ಮೇ ಎನ್ನುವ ಗಿರಾಕಿಗೆ ನಾನು ಎಂದೂ ಮಾಲು ಕಾಯ್ದಿಟ್ಟವನಲ್ಲ.

ಇವತ್ತು ಬೆಳಿಗ್ಗೆ ಉಣಕಲ್ ದಾಟುವಾಗ ಟಾಂಗಾದ ಒಂದೊಂದು ಕುಲುಕಿಗೂ ಗಂಗವ್ವ ನನ್ನ ತೋಳು ಹಿಡಿಯುತ್ತಿದ್ದಳು. ಇಲ್ಲಿಯ ಡಾಕ್ಟರ್ ಬಾಯಿ ವಿಲಾಯತಿಯ ಹೆಣ್ಣುಮಗಳು, ಬಂದು ವರ್ಷವಾಗಿಲ್ಲ, ಕನ್ನಡದ ನಾಲ್ಕು ಮಾತು ಬಂದರೆ ಹೆಚ್ಚು. ಅವಳನ್ನು ಪರೀಕ್ಷೆ ಮಾಡಿ, ನನ್ನನ್ನು ಬಾಗಿಲ ಬಳಿ ಕರೆದು ಇಂಗ್ಲಿಷಿನಲ್ಲಿ ಹೇಳತೊಡಗಿದರು. ನಾನು ತಕ್ಕಡಿಯ ಮುಂದೆ ನಿಂತವನಂತೆ ಒಂದೊಂದು ಮಾತಿನ ತೂಕ ನೋಡುತ್ತ ನಿಂತೆ. ಮಸ್ಟ್ ಬಂತು: ಕೊಯ್ಯಲೇಬೇಕು. ಕ್ಯಾನ್ ಬಂತು: ಇಲ್ಲಿಯೇ ಮಾಡಬಲ್ಲೆವು. ಆಮೇಲೆ ಸ್ವಲ್ಪ ತಡೆದು, ‘ಶಿ ಮೇ ಲಿವ್’ ಎಂದರು. ಬದುಕಿದರೂ ಬದುಕಿಯಾಳು. ಇಷ್ಟು ವರ್ಷದ ಸಂಸಾರ, ಮಾಸ್ತರರೇ, ನೊಣದಷ್ಟು ಭಾರದ ಒಂದು ಮಾತಿನ ಮೇಲೆ…

ಮಂಚದ ಹತ್ತಿರ ಹೋದೆ. ಗಂಗವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

“ಏನಂದ್ರು?”

“ಕೊಯ್ದು ತಗೀತಾರಂತ. ಆರಾಮ ಆಕ್ಕೈತಿ ಅಂದ್ರು.”

“ಆಕಿ ಬಾಯಿ ಅಷ್ಟೊತ್ತು ಆಡ್ತು. ನಿಮ್ದು ಇಷ್ಟಕ್ಕ ಮುಗೀತು?”

“ಇಂಗ್ಲಿಷ ಉದ್ದ ಇರತೈತಿ.”

“ತೊಯ್ದ ಹತ್ತಿ ಮಾರೂ ಮುಂದ ನಿಮ್ಮ ದನಿ ಹಿಂಗ ಮೆತ್ತಗ ಆಕ್ಕೈತಿ. ನನಗ ಗೊತ್ತಿಲ್ಲೇನು? ಖರೇ ಹೇಳ್ರಿ.”

ಕೌದಿಯ ಕೆಳಗೆ ಅವಳ ಕೈ ಹಿಡಿದೆ. ಕೊಯ್ಯಬೇಕು ಅನ್ನೂದು ಇಷ್ಟು ಐತಿ ಎಂದು ಮುಂಗೈ ಬಿಗಿಹಿಡಿದೆ. ಅವರ ಕೈಲೆ ಆಕ್ಕೈತಿ ಅನ್ನೂದು ಇಷ್ಟು ಎಂದು ಅಂಗೈ ಒತ್ತಿದೆ. ನೀ ಉಳೀತಿ ಅನ್ನೂದು… ಎಂದು ಬೆರಳಿನ ತುದಿ ತಾಗಿಸಿದೆ.

“ಕಡೀದು ನನಗ ಹತ್ತಲೇ ಇಲ್ಲ,” ಎಂದಳು.

“ಅದು ಅಷ್ಟ ಐತಿ, ಗಂಗಾ.”

ಅವಳು ಗೋಡೆಯ ಕಡೆ ಹೊರಳಿದಳು. ಅಳುತ್ತಾಳೆ ಎಂದುಕೊಂಡೆ. ಗಳಿಗೆಯ ಮೇಲೆ ಈ ಕಡೆ ತಿರುಗಿ, “ಕೊಯ್ಸಿಕೊಳ್ಳಲಿಲ್ಲಂದ್ರ?” ಎಂದಳು.

“ಕೇಳಲಿಲ್ಲ.”

“ಒಂದ ಬಾಜೂದಷ್ಟ ಧಾರಣಿ ಕೇಳಿ ಬಂದೀರಿ. ಅಂಗಡಿಗೆ ದಲಾಲ ಅಂತ ಬೋರ್ಡ್ ಯಾಕ ಹಾಕೀರಿ? ಹೋಗ್ರಿ.”

ಮತ್ತೆ ಹೋಗಿ ಕೇಳಿದೆ. ಡಾಕ್ಟರ್ ಬಾಯಿ ಈ ಸಲ ತಡೆಯಲಿಲ್ಲ. ‘ಶಿ ವಿಲ್ ಡೈ,’ ಎಂದರು. ವಿಲ್ ಎಂದಾಗ ಉಪರಣೆಯ ಕೆಳಗೆ ನೀವು ನನ್ನ ಕೈಯನ್ನೇ ಬಿಟ್ಟುಬಿಟ್ಟಿದ್ದಿರಲ್ಲ? ಇನ್ನು ಚೌಕಾಸಿ ಇಲ್ಲ ಎಂದು. ಹಾಗಾಯಿತು ನನಗೆ. ಬೆಳಗಿನಿಂದ ಎದೆಯ ಮೇಲೆ ಕುಳಿತು ಹೆದರಿಸುತ್ತಿದ್ದ ಆ ಮೇ, ಈಗ ಹಾರಿಹೋಗದಿದ್ದರೆ ಸಾಕು ಎನ್ನುವ ಹಾಗಾಯಿತು. ಅದರೊಳಗಷ್ಟೇ ಅವಳು ಬದುಕುವ ಜಾಗವಿತ್ತು.

ಆದರೂ ಕಾಲು ಅಲ್ಲಿಂದ ಏಳಲಿಲ್ಲ. ನೀವು ತಿಂಗಳುಗಟ್ಟಲೆ ತಿದ್ದಿದರೂ ನನಗೆ ಕೂಡಿಬಾರದ ಮಾತು ವುಡ್. ಇಲ್ಲದ್ದನ್ನು ಇದೆ ಎಂದುಕೊಂಡು, ಇನ್ನೊಬ್ಬರನ್ನು ನಮ್ಮ ಜಾಗದಲ್ಲಿ ನಿಲ್ಲಿಸಿ ಕೇಳುವ ಮಾತು. ಕೈಯಲ್ಲಿರದ ಮಾಲಿಗೆ ನಾನೇಕೆ ದರ ಕೇಳಲಿ ಎಂದು ನಿಮ್ಮನ್ನು ರೇಗಿಸುತ್ತಿದ್ದೆ. ಇವತ್ತು ಅದು ತಾನಾಗಿ ನಾಲಗೆಗೆ ಬಂತು. ‘ಇಫ್ ಶಿ ಈಸ್ ಯುವರ್ ಸಿಸ್ಟರ್, ವಾಟ್ ವುಡ್ ಯು ಡೂ?’ ಈಸ್ ಅಲ್ಲ, ವೇರ್ ಎನ್ನಬೇಕಿತ್ತು, ಬಲ್ಲೆ. ಸಿಟ್ಟಾಗಬೇಡಿ.

ಡಾಕ್ಟರ್ ಬಾಯಿ ನನ್ನನ್ನು ಹೊಸದಾಗಿ ನೋಡಿದವರಂತೆ ನೋಡಿದರು. ‘ಐ ವುಡ್ ಆಪರೇಟ್,’ ಎಂದು, ದನಿ ಇಳಿಸಿ, ‘ಆ್ಯಂಡ್ ಐ ವುಡ್ ಬಿ ಅಫ್ರೇಡ್,’ ಎಂದರು. ಕೊಯ್ಯುತ್ತಿದ್ದೆ, ಹೆದರುತ್ತಲೂ ಇದ್ದೆ.

ಒಂದಕ್ಷರ ಬಿಡದೆ ಬಂದು ಗಂಗವ್ವನಿಗೆ ಹೇಳಿದೆ. ಹೆದರುತ್ತೇನೆಂದು ಕೊಯ್ಯುವವರೇ ಹೇಳಿದ್ದನ್ನು ಹೇಳಬಾರದಿತ್ತೇನೋ ಎಂದು ನಾನು ಬೆವರುತ್ತಿದ್ದರೆ, ಅವಳ ಮುಖ ಸಡಿಲಾಯಿತು.

“ಹೆದರತಾಳೇನು? ಹಂಗಾರ ನೋಡಿ ಕೊಯ್ತಾಳ. ಹೂಂ ಅನ್ರಿ.”

ಕೊರಳಿನ ಲಿಂಗ ಬಿಚ್ಚಲೊಲ್ಲೆ ಎಂದಳು. ಡಾಕ್ಟರ್ ಬಾಯಿ ಅದನ್ನು ಅವಳ ತೋಳಿಗೆ ಕಟ್ಟಿಸಿದರು. ಹಿಡಿಯಲು ಹೋದ ನರ್ಸಿನ ಕೈ ಸರಿಸಿ ತಾನೇ ನಡೆದು ಹೋದಳು. ಕದ ಹಾಕುವ ಮುಂಚೆ ಒಂದು ಸಲ ತಿರುಗಿ ನೋಡಿದಳು. ಅವಳೂ ಹೆದರಿದ್ದಳು, ಮಾಸ್ತರರೇ. ನನಗಿಂತ ಚೆನ್ನಾಗಿ ಮುಚ್ಚಿಟ್ಟಿದ್ದಳು, ಅಷ್ಟೇ. ಕದದ ಸಂದಿಯಿಂದ ಕ್ಲೋರೋಫಾರ್ಮಿನ ಸಿಹಿ ವಾಸನೆ ಬರುತ್ತಿದೆ. ಒಳಗೆ ಒಂದು ಪಾತ್ರೆ ಸಪ್ಪಳವಾದರೂ ನನ್ನ ಜೀವ…

ಇಷ್ಟು ಬರೆದು ನಿಲ್ಲಿಸಿದ್ದೆ. ಪಡಸಾಲೆಯ ಬಿಸಿಲು ಮೆಟ್ಟಿಲು ಇಳಿದು ಅಂಗಳಕ್ಕೆ ಹೋಗಿತ್ತು. ಕದ ತೆರೆದು ಡಾಕ್ಟರ್ ಬಾಯಿ ಬಂದರು. ಏನೇನೋ ಹೇಳಿದರು. ಒಂದು ಮಾತೂ ನನಗೆ ತಿಳಿಯಲಿಲ್ಲ. ಮಸ್ಟ್ ಇತ್ತೋ ಮೇ ಇತ್ತೋ, ಕಿವಿಯಲ್ಲಿ ಬರೀ ಗಾಳಿ. ಇಷ್ಟು ವರ್ಷ ಕಲಿತದ್ದು ಎಲ್ಲಿ ಹೋಯಿತು? ನಾನು ಬಾಯಿ ತೆರೆದು ನಿಂತದ್ದನ್ನು ಕಂಡು ಅವರೇ ಮಾತು ನಿಲ್ಲಿಸಿದರು. ತಮಗೆ ಬರುವ ಕನ್ನಡದಲ್ಲಿ ಹುಡುಕಾಡಿ, ಒಂದನ್ನು ತೆಗೆದು ಕೊಟ್ಟರು.

“ಅದಾಳ.”

ಇದ್ದಾಳೆ. ಆದರೆ ಅವರ ಮುಖದಲ್ಲಿ ನಗೆ ಇರಲಿಲ್ಲ. ಹೆದರಿಕೆ ಇನ್ನೂ ಮುಗಿದಿಲ್ಲ ಎಂದು ಅದರಿಂದಲೇ ತಿಳಿಯಿತು. ಈಗ ಒಳಗೆ ಹೋಗುತ್ತೇನೆ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ಇನ್ನೊಮ್ಮೆ ನಿಧಾನವಾಗಿ ಹೇಳಿಸಿಕೊಳ್ಳುತ್ತೇನೆ. ಗಂಗವ್ವ ಕಣ್ಣು ತೆರೆದು ಏನಂದ್ರು ಎಂದು ಕೇಳಿದರೆ, ಇದ್ದದ್ದನ್ನು ಇದ್ದಷ್ಟೇ ಹೇಳುತ್ತೇನೆ, ನಿಮ್ಮಾಣೆ.

ಅವಳು ಕೇಳಲಿ, ಅಷ್ಟೇ.